ತಾತನ ರೂಟರ್, ಮೂವತ್ತೈದು ಪೈಸೆ ಲೆಕ್ಕ

"ರೂಟರ್ ನಮ್ಮನೇಲಿ ಇದ್ಯಲ್ಲ ತಾತ! ಟೀವಿ ಹಿಂದೆ ನೋಡು" ಎಂದಳು ಮೊಮ್ಮಗಳು.

ಎಸ್.ಪಿ. ರಸ್ತೆಗೆ ಹೋಗಿ ರೂಟರ್ ತರುತ್ತೇನೆಂದು ನಾನು ಚೀಲ ಹಿಡಿದು ಹೊರಟಿದ್ದೆ. ಆರನೇ ಕ್ಲಾಸಿನ ಅವಳಿಗೆ ರೂಟರ್ ಎಂದರೆ ಹಸಿರು ದೀಪ ಮಿಣುಕಿಸುತ್ತ ಇಂಟರ್‌ನೆಟ್ ಕೊಡುವ ಡಬ್ಬಿ. ನನಗೆ ಬೇಕಾಗಿದ್ದು ಮರ ತೋಡುವ ಯಂತ್ರ. ಎರಡಕ್ಕೂ ಹೆಸರು ಒಂದೇ. ಆ ಡಬ್ಬಿ ಕೆಟ್ಟರೆ ಮನೆಯವರೆಲ್ಲ ಮುಖ ಊದಿಸಿಕೊಳ್ಳುತ್ತಾರೆ, ಅಷ್ಟೇ. ಈ ಯಂತ್ರ ಕೈ ತಪ್ಪಿದರೆ ಬೆರಳೇ ಹೋದೀತು. ಅದಕ್ಕೇ ಈ ವಾರ ಇದರ ಕಥೆ.

ಎಪ್ಪತ್ತು ದಾಟಿದ ನಿವೃತ್ತ ಬ್ಯಾಂಕ್ ಗುಮಾಸ್ತನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ದಸರಾ ಗೊಂಬೆ. ಜಯನಗರದ ನಮ್ಮ ಮನೆಯಲ್ಲಿ ನನ್ನಾಕೆ ಮದುವೆಯಾಗಿ ಬಂದ ವರ್ಷದಿಂದ ಗೊಂಬೆ ಕೂರಿಸುತ್ತಿದ್ದಾಳೆ. ತಗಡಿನ ಟ್ರಂಕುಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಹಲಗೆ ಹಾಸಿ, ಬಿಳಿ ಪಂಚೆ ಹೊದಿಸಿದರೆ ಮೆಟ್ಟಿಲು ಸಿದ್ಧ. ಈಗ ಆ ಟ್ರಂಕು ಎತ್ತುವವರು ಯಾರು? ಅವಳಿಗೆ ಮಂಡಿ ನೋವು, ನನಗೆ ಸೊಂಟ ನೋವು. "ರೀ, ಒಂಬತ್ತು ದಿನ ಜೋಡಿಸಿ, ಆಮೇಲೆ ಬಿಚ್ಚಿ ಮಂಚದ ಕೆಳಗೆ ತಳ್ಳೋ ಹಾಗೆ ಏನಾದ್ರೂ ಮಾಡಿ. ಇಲ್ಲದಿದ್ರೆ ಈ ವರ್ಷ ಪಟ್ಟದ ಗೊಂಬೆ ಎರಡನ್ನೇ ಇಟ್ಟು ಆರತಿ ಎತ್ತಿಬಿಡ್ತೀನಿ" ಎಂದಳು. ಆ ಕೊನೆಯ ಮಾತು ನನಗೆ ನಾಟಿತು.

ಕಾಗದದ ಮೇಲೆ ಗೆರೆ ಎಳೆದೆ. ಎರಡು ಪಕ್ಕಕ್ಕೂ 18 ಮಿಲಿಮೀಟರ್ ದಪ್ಪದ ಪ್ಲೈವುಡ್. ಒಂದೊಂದರ ಒಳಮೈಯಲ್ಲೂ ಐದೈದು ಕಾಲುವೆ, ಅಂದರೆ ಬಡಗಿಗಳ ಬಾಯಲ್ಲಿ ಗ್ರೂವ್. ಅಗಲ 12 ಮಿ.ಮೀ., ಆಳ 6 ಮಿ.ಮೀ. ಮೆಟ್ಟಿಲ ಹಲಗೆಯನ್ನು ಅದರೊಳಗೆ ಜಾರಿಸಿದರೆ ಕೂತುಕೊಳ್ಳಬೇಕು. ಮೊಳೆಯೂ ಬೇಡ, ಸ್ಕ್ರೂ ಕೂಡ ಬೇಡ.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಆಚಾರ್ರು ಇಂಥ ಕಾಲುವೆಯನ್ನು ಉಳಿ, ಕೊಡತಿಯಲ್ಲೇ ತೋಡುತ್ತಿದ್ದರು. ತಳ ಒಂದೇ ಸಮ ಬರುವುದು ಕಷ್ಟದ ಕೆಲಸ. ಇಂಗ್ಲೆಂಡಿನ ಬಡಗಿಗಳು ಅದಕ್ಕೊಂದು ಕೈ ಉಪಕರಣ ಮಾಡಿಕೊಂಡಿದ್ದರು. ಅಂಗೈಯಗಲದ ಮರದ ತುಂಡು, ಅದರ ನಡುವಿನಿಂದ ಕೆಳಕ್ಕೆ ಚಾಚಿದ ಒಂದೇ ಒಂದು ಅಲಗು. ಅದಕ್ಕೆ ಅವರು ಇಟ್ಟಿದ್ದ ಅಡ್ಡಹೆಸರು 'ಅಜ್ಜಿ ಹಲ್ಲು'! ಇದನ್ನು ಓದಿ ಹೇಳಿದಾಗ ಮೊಮ್ಮಗಳು ಅವಳಜ್ಜಿಯ ಬಾಯನ್ನೇ ನೋಡಿ ನಕ್ಕಳು. ಆ ಅಜ್ಜಿ ಹಲ್ಲಿಗೆ ಕರೆಂಟು ಕೊಟ್ಟು ಗರಗರ ತಿರುಗಿಸಿದರೆ ಅದೇ ಇಂದಿನ ರೂಟರ್.

ಜಯನಗರದಲ್ಲಿ ಮೆಟ್ರೊ ಹತ್ತಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಎಸ್.ಪಿ. ರಸ್ತೆಗೆ ನಡೆದೆ. ನೋಡಿದ ಮೇಲೆ ತಿಳಿದದ್ದು, ರೂಟರ್‌ಗಳಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಜಾತಿ.

ದೊಡ್ಡದು ಪ್ಲಂಜ್ ರೂಟರ್. ಎರಡೂ ಕೈಯಲ್ಲಿ ಹಿಡಿಯಬೇಕು. ಸಾವಿರ ವ್ಯಾಟ್‌ಗೂ ಮೇಲೆ, ತೂಕ ಮೂರೂವರೆ ಕಿಲೋದಿಂದ ಆರು ಕಿಲೋವರೆಗೆ. ಬಾಗಿಲು, ಕಿಟಕಿ ಮಾಡುವವರಿಗೆ ಅದು ಬೇಕು. ಚಿಕ್ಕದು ಟ್ರಿಮ್ ರೂಟರ್. ನಮ್ಮ ಬಡಗಿಗಳು ಬರೀ 'ಟ್ರಿಮ್ಮರ್' ಅನ್ನುತ್ತಾರೆ. ಒಂದೂವರೆ ಕಿಲೋ ಆಸುಪಾಸು, ಅಂದರೆ ಒಂದೂವರೆ ಪ್ಯಾಕೆಟ್ ಸಕ್ಕರೆಯಷ್ಟು. ಮಕಿಟಾ 3709 ಎಂಬುದು 530 ವ್ಯಾಟ್, ನಿಮಿಷಕ್ಕೆ 30,000 ಸುತ್ತು. ಬಾಷ್ ಜಿಕೆಎಫ್ 550 ಎಂಬುದು 550 ವ್ಯಾಟ್, 33,000 ಸುತ್ತು. (ಬಿಟಿಎಂ ಪಕ್ಕದ ಮೈಕೋ ಲೇಔಟ್ ಗೊತ್ತಲ್ಲ, ಆ ಮೈಕೋ ಶುರುವಾದದ್ದು 1951ರಲ್ಲಿ, 2008ರಲ್ಲಿ ಅದರ ಹೆಸರೇ ಬಾಷ್ ಎಂದಾಯಿತು.) ಇವೆರಡರಲ್ಲೂ ವೇಗ ಒಂದೇ. ವೇಗ ಹೆಚ್ಚು ಕಡಿಮೆ ಮಾಡುವ ಚಿಕ್ಕ ಯಂತ್ರಗಳೂ ಇವೆ.

ವೇಗ ಯಾಕೆ ಮುಖ್ಯ? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500. ಮರ ತೋಡುವ ಅಲಗಿಗೆ ಬಿಟ್ ಅನ್ನುತ್ತಾರೆ. 12 ಮಿ.ಮೀ. ಬಿಟ್‌ನ ಸುತ್ತಳತೆ 12 × 3.14, ಸುಮಾರು 37.7 ಮಿ.ಮೀ. ಅದನ್ನು 500ರಿಂದ ಗುಣಿಸಿದರೆ ಅಲಗಿನ ಅಂಚು ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ಗಂಟೆಗೆ 68 ಕಿಲೋಮೀಟರ್! ಅದೇ ಯಂತ್ರಕ್ಕೆ 50 ಮಿ.ಮೀ. ಬಿಟ್ ಹಾಕಿದರೆ 280 ಕಿಲೋಮೀಟರ್ ದಾಟುತ್ತದೆ. ಅದಕ್ಕೇ ದೊಡ್ಡ ಬಿಟ್ ಹಾಕಲು ವೇಗ ತಗ್ಗಿಸುವ ದೊಡ್ಡ ಯಂತ್ರವೇ ಬೇಕು. ಚಿಕ್ಕದರಲ್ಲಿ ಆ ಸಾಹಸ ಕೂಡದು.

ಗೊಂಬೆ ಮೆಟ್ಟಿಲು, ಪುಸ್ತಕದ ಗೂಡು, ಕೀಲಿ ನೇತುಹಾಕುವ ಹಲಗೆ, ಇಷ್ಟಕ್ಕೆ ಚಿಕ್ಕದು ಸಾಕು. ಹೆಸರಾಂತ ಕಂಪನಿಯ ಒಂದು ಚಿಕ್ಕ ರೂಟರ್ ಕೊಂಡೆ. ದುಡ್ಡು ಉಳಿಸೋಣವೆಂದು ಬಿಟ್‌ಗಳ ಪೆಟ್ಟಿಗೆಯನ್ನು ಮಾತ್ರ ಬೇರೊಂದು ಕಡೆ ಅಗ್ಗಕ್ಕೆ ತೆಗೆದುಕೊಂಡೆ. ಬ್ಯಾಂಕಿನಲ್ಲಿ ಮೂವತ್ತು ವರ್ಷದ ಮೇಲೆ ಲೆಕ್ಕ ಬರೆದವನು ಎಡವಿದ್ದು ಅಲ್ಲೇ.

ಭಾನುವಾರ ಬೆಳಿಗ್ಗೆ ಕಾರ್ ಶೆಡ್ಡಿನಲ್ಲಿ ಕೆಲಸ ಶುರು. ನಾಲ್ಕು ಕಾಲುವೆ ನೇರವಾಗಿ, ನುಣುಪಾಗಿ ಬಂದವು. ಉಬ್ಬಿಹೋದೆ. ಮೊಮ್ಮಗಳು ಮೂರಡಿ ದೂರದಲ್ಲಿ ಬಗ್ಗಿ ನೋಡುತ್ತಿದ್ದಳು. ಐದನೆಯದರ ಅರ್ಧದಲ್ಲಿ ಯಂತ್ರದ ಸದ್ದು ಬದಲಾಯಿತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನೋಡಿದರೆ 6 ಮಿ.ಮೀ. ಆಳದಲ್ಲಿ ಶುರುವಾದ ಕಾಲುವೆ ಇಳಿಯುತ್ತ ಇಳಿಯುತ್ತ ಹಲಗೆಯನ್ನೇ ತೂತು ಮಾಡಿತ್ತು. ತಣ್ಣಗಾದ ಮೇಲೆ ಬಿಟ್ ಹಿಡಿದು ಎಳೆದೆ. ಸ್ಪ್ಯಾನರ್ ಬೇಕಾಗಲಿಲ್ಲ, ಬರೀ ಬೆರಳಿಗೇ ಬಂದುಬಿಟ್ಟಿತು.

ನನ್ನ ಕೈ ನಡುಗಿದ್ದು ವಯಸ್ಸಿನಿಂದಲ್ಲ. ಇನ್ನೆರಡು ಗೇಣು ತಳ್ಳಿದ್ದರೆ ಆ ಉಕ್ಕಿನ ತುಂಡು ಎಲ್ಲಿಗೆ ಹಾರುತ್ತಿತ್ತು? ಮಗು ಎಲ್ಲಿ ನಿಂತಿತ್ತು? ಮಗ ಬಂದು ನೋಡಿದ. ಕೂಗಾಡಲಿಲ್ಲ. "ಅಪ್ಪ, ಇದು ನಿಮಗೆ ಬೇಡ. ಮಾರಿಬಿಡೋಣ" ಎಂದಷ್ಟೇ ಹೇಳಿ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಯಂತ್ರವನ್ನು ಹೊತ್ತು ಅಂಗಡಿಗೆ ಹೋದೆ, ಜಗಳಕ್ಕೆಂದೇ. ಅಂಗಡಿಯವರು ನಾನು ಹೇಳಿದ್ದನ್ನೆಲ್ಲ ಕೇಳಿ, ವರ್ನಿಯರ್ ಕ್ಯಾಲಿಪರ್ ತೆಗೆದು ಬಿಟ್‌ನ ಕಾಂಡ ಅಳೆದರು. "ಸಾರ್, ಇದು 6 ಎಂಎಂ. ನಿಮ್ಮ ಮಷೀನ್ ಕಾಲೆಟ್ ಕಾಲು ಇಂಚು, ಅಂದ್ರೆ 6.35. ಟೈಟ್ ಆದ ಹಾಗೆ ಅನ್ನಿಸುತ್ತೆ, ಆದ್ರೆ ಹಿಡಿಯಲ್ಲ." ಕಾಲೆಟ್ ಎಂದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಸೀಳಿದ ಉಂಗುರ. ತಪ್ಪು ಯಂತ್ರದ್ದಲ್ಲ, ನನ್ನದು. ತೆಪ್ಪಗೆ ಮೆಟ್ರೊ ಹತ್ತಿದೆ.

ಮನೆಯಲ್ಲಿ ಇದನ್ನು ಹೇಳಿದಾಗ ಮೊದಲು ಅರ್ಥಮಾಡಿಕೊಂಡವಳು ಮೊಮ್ಮಗಳೇ. "0.7 ಪೆನ್ಸಿಲ್‌ಗೆ 0.5 ಲೆಡ್ ಹಾಕಿದ ಹಾಗೆ, ಅಲ್ವಾ ತಾತ? ಬರೆಯೋವಾಗ ಜಾರಿಬಿಡತ್ತೆ." ನಾನು ಅರ್ಧ ದಿನ ಓಡಾಡಿ ಕಲಿತದ್ದು ಅವಳ ಕಂಪಾಸ್ ಬಾಕ್ಸಿನಲ್ಲೇ ಇತ್ತು!

ವ್ಯತ್ಯಾಸ ಎಷ್ಟು? 0.35 ಮಿಲಿಮೀಟರ್. ಆ ರಾತ್ರಿ ನನಗೆ ಹಳೆಯ ಮೂವತ್ತೈದು ಪೈಸೆಯೊಂದು ನೆನಪಾಯಿತು. ಲೆಡ್ಜರನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲ. ಅರ್ಧ ವಾರ್ಷಿಕ ಲೆಕ್ಕದ ದಿನ ಮೂವತ್ತೈದು ಪೈಸೆ ತಾಳೆಯಾಗಲಿಲ್ಲ. ರಾತ್ರಿ ಒಂಬತ್ತಾಯಿತು. "ಸಾರ್, ನನ್ನ ಜೇಬಿನಿಂದಲೇ ಹಾಕ್ತೀನಿ" ಎಂದೆ. ಮ್ಯಾನೇಜರು, "ನೀನು ಹಾಕಿದರೆ ಲೆಕ್ಕ ಸರಿಹೋಗಲ್ಲಪ್ಪ, ತಪ್ಪು ಮುಚ್ಚಿಹೋಗುತ್ತೆ. ಮೂವತ್ತೈದು ಪೈಸೆ ಹಿಂದೆ ಸಾವಿರ ರೂಪಾಯಿ ಅಡಗಿರಬಹುದು" ಎಂದು ಮತ್ತೆ ಕೂಡಿಸಲು ಕೂರಿಸಿದರು. ಸ್ಪ್ಯಾನರಿನಿಂದ ಇನ್ನೊಂದು ಸುತ್ತು ಬಿಗಿಮಾಡಿ 'ಆಯಿತು' ಅಂದುಕೊಂಡಾಗ ನಾನು ಮಾಡಿದ್ದೂ ಜೇಬಿನಿಂದ ಪೈಸೆ ಹಾಕುವ ಕೆಲಸವೇ.

ಹಾಗಾಗಿ ರೂಟರ್ ಕೊಳ್ಳುವ ಹಿರಿಯರಿಗೆ ಈಗ ನಾನು ಹೇಳುವುದಿಷ್ಟು. ವ್ಯಾಟ್ ನೋಡುವ ಮೊದಲು ಕಾಲೆಟ್ ನೋಡಿ: 6 ಮಿ.ಮೀ. ಇದೆಯೋ, ಕಾಲು ಇಂಚೋ? ಎರಡೂ ಸಿಗುತ್ತದೆಯೋ? ಬಿಟ್‌ಗಳನ್ನು ಅದೇ ಅಳತೆಯವನ್ನೇ, ಅಂಗಡಿಯಲ್ಲೇ ಅಳೆಸಿ ಕೊಳ್ಳಿ. ಪ್ಲೈವುಡ್‌ನ ಅಂಟು ಸಾಧಾರಣ ಉಕ್ಕನ್ನು ಬೇಗ ಮೊಂಡು ಮಾಡುತ್ತದೆ. ಕಾರ್ಬೈಡ್ ತುದಿಯ ಬಿಟ್ ನಾಲ್ಕೇ ಇದ್ದರೂ ಸಾಕು, ಅಗ್ಗದ ಇಪ್ಪತ್ತು ಬೇಡ. ಆಳ ಹೊಂದಿಸಿ ಬಿಗಿಮಾಡಿದ ಮೇಲೆ ತಳದ ಪಟ್ಟಿಯನ್ನು ಅಲ್ಲಾಡಿಸಿ ನೋಡಿ, ಕದಲಬಾರದು. ನಿಮ್ಮ ಕೈಯಲ್ಲೇ ಹಿಡಿದು, ಹಿಡಿತ ಸಡಿಲಿಸದೆ ಸ್ವಿಚ್ ಬೆರಳಿಗೆ ಸಿಗುತ್ತದೆಯೇ ನೋಡಿ. ನನ್ನ ಮಗನ ಕೈಗೆ ಹೊಂದಿದ್ದು ನನ್ನ ಕೈಗೆ ಹೊಂದಬೇಕೆಂದಿಲ್ಲ. ಮೋಟರಿನ ಕಾರ್ಬನ್ ಬ್ರಷ್ ಸವೆಯುವ ವಸ್ತು. ಅದು ಸುಲಭವಾಗಿ ಸಿಗುತ್ತದೆಯೇ, ರಿಪೇರಿ ಕೇಂದ್ರ ನಮ್ಮ ಬನಶಂಕರಿ, ಜೆ.ಪಿ. ನಗರದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರವಿದೆಯೇ, ವಿಚಾರಿಸಿ. ನಂಬಿಕಸ್ಥ ಯಂತ್ರ ಎಂದರೆ ಕೆಡದ ಯಂತ್ರ ಅಲ್ಲ. ಕೆಟ್ಟರೆ ರಿಪೇರಿಯಾಗುವ, ತಪ್ಪಿದರೆ ಹಿಡಿದು ನಿಲ್ಲಿಸಬಹುದಾದ ಯಂತ್ರ.

ಮಗನನ್ನು ಒಪ್ಪಿಸಬೇಕಿತ್ತಲ್ಲ, ಅದಕ್ಕೆ ಇನ್ನೊಂದು ಬ್ಯಾಂಕ್ ಪದ್ಧತಿ ನೆರವಿಗೆ ಬಂತು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಒಬ್ಬರೇ ಎಷ್ಟು ದೊಡ್ಡ ಅಧಿಕಾರಿಯಾದರೂ ತೆಗೆಯಲಾಗದು. ನಮ್ಮ ಮನೆಯಲ್ಲೂ ಈಗ ಹಾಗೇ. ಯಂತ್ರ ನನ್ನ ಬೀರುವಿನಲ್ಲಿ, ಸ್ಪ್ಯಾನರ್ ಮೊಮ್ಮಗಳ ಡ್ರಾಯರಿನಲ್ಲಿ. ಕೆಲಸಕ್ಕೆ ಮುಂಚೆ ಅವಳು ಪಟ್ಟಿ ಓದುತ್ತಾಳೆ, ನಾನು ಒಂದೊಂದಕ್ಕೂ ಉತ್ತರ ಕೊಡಬೇಕು:

"ಪ್ಲಗ್ ಕಿತ್ತಿದೆಯಾ? ಬಿಟ್ ಕಾಂಡ ಅಳೆದೆಯಾ? ಪೂರ್ತಿ ಒಳಗೆ ಹಾಕಿ, ಎರಡು ಮಿಲಿಮೀಟರ್ ಮೇಲೆಳೆದು ಬಿಗಿಮಾಡಿದೆಯಾ? ಹಲಗೆಗೆ ಕ್ಲಾಂಪ್ ಹಾಕಿದೆಯಾ? ಕನ್ನಡಕ, ಮಾಸ್ಕ್, ಕಿವಿಗೆ ಮುಚ್ಚಳ? ಆಳ ಮೂರು ಮಿಲಿಮೀಟರ್ ಮಾತ್ರ ತಾನೆ?" ಆರು ಮಿಲಿಮೀಟರ್ ಬೇಕಿದ್ದರೂ ಒಂದೇ ಸಲಕ್ಕೆ ತೋಡಬಾರದು, ಎರಡು ಸಲ ಹೋಗಬೇಕು. ಹಲಗೆಯ ಹೊರ ಅಂಚು ನಯ ಮಾಡುವಾಗ, ಅದು ನಮ್ಮ ಎದುರಿಗಿದ್ದರೆ, ಎಡದಿಂದ ಬಲಕ್ಕೇ ತಳ್ಳಬೇಕು. ತಿರುಗಾ ತಳ್ಳಿದರೆ ಯಂತ್ರ ನಮ್ಮನ್ನೇ ಎಳೆದುಕೊಂಡು ಓಡುತ್ತದೆ. ಕೊನೆಯ ಪ್ರಶ್ನೆ ಅವಳೇ ಸೇರಿಸಿದ್ದು: "ತಾತ, ಹೆಗಲ ಮೇಲಿನ ಟವೆಲ್ ಎಲ್ಲಿ?" ಸಡಿಲ ಬಟ್ಟೆ ಸಿಕ್ಕಿಕೊಂಡರೆ ಮುಗಿಯಿತು. ಟವೆಲ್ ಮೊಳೆಗೆ ಹೋಗುತ್ತದೆ, ಪಂಚೆ ಹೋಗಿ ಪ್ಯಾಂಟು ಬರುತ್ತದೆ.

ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆ ಅವಳು "ಪಾಸ್" ಎಂದು, ಮನೆಯೊಳಗೆ ಹೋಗಿ, ಕಿಟಕಿ ಬಾಗಿಲು ಹಾಕಿಕೊಂಡು ಗಾಜಿನಿಂದ ನೋಡುತ್ತಾಳೆ. "ನಾನೂ ಒಂದ್ಸಲ ಹಿಡಿಯಲಾ?" ಎಂದು ಕೇಳಿದ್ದುಂಟು. ಇಲ್ಲ ಎಂದೆ. ಬೇಜಾರು ಮಾಡಿಕೊಂಡಳು. ಆದರೂ ಇಲ್ಲ. ಮರಳುಕಾಗದದಲ್ಲಿ ಉಜ್ಜುವುದು, ಅಳತೆ ಗುರುತು ಹಾಕುವುದು ಅವಳದೇ ಕೆಲಸ; ಅವಳ ಗೆರೆ ನನ್ನದಕ್ಕಿಂತ ನೇರ. ಇದನ್ನೆಲ್ಲ ಎರಡು ಭಾನುವಾರ ಬಾಗಿಲಲ್ಲಿ ನಿಂತು ನೋಡಿದ ಮೇಲೆ ಮಗ ಮಾರುವ ಮಾತು ಬಿಟ್ಟ.

ಮಹಾಲಯ ಅಮಾವಾಸ್ಯೆಯ ಸಂಜೆ ಐದು ಮೆಟ್ಟಿಲನ್ನೂ ಜೋಡಿಸಿದೆವು. ಹತ್ತು ನಿಮಿಷದ ಕೆಲಸ. ಪಟ್ಟದ ಗೊಂಬೆಗಳು ಎಂದಿನಂತೆ ಮೇಲೆ ಹತ್ತಿ ನಿಂತವು. ತೂತಾದ ಹಲಗೆಯನ್ನು ಎಸೆಯಲಿಲ್ಲ; ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ಅದನ್ನೇ ಬಳಸಿದೆವು. ಲೆಡ್ಜರಿನಲ್ಲಿ ತಪ್ಪನ್ನು ಕೆರೆದು ಅಳಿಸುವಂತಿಲ್ಲ, ಗೆರೆ ಹೊಡೆದು ಸಹಿ ಹಾಕಬೇಕು. ಹಾಗೆಯೇ ತೂತಿನ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ನಾನೂ ಮೊಮ್ಮಗಳೂ ಸಹಿ ಹಾಕಿದ್ದೇವೆ. ಗೊಂಬೆ ನೋಡಲು ಬಂದ ಮಕ್ಕಳಿಗೆಲ್ಲ ಅವಳು ಮೊದಲು ತೋರಿಸಿದ್ದು ಅದನ್ನೇ.

ಮಕ್ಕಳೇ, ನಿಮ್ಮ ಮನೆಯಲ್ಲೂ ತಾತನೋ ಅಪ್ಪನೋ ಯಂತ್ರ ಹಿಡಿಯುವವರಿದ್ದರೆ ನೀವು ಪಟ್ಟಿ ಓದುವವರಾಗಿ. ಪ್ರಶ್ನೆ ಕೇಳಿದರೆ ಅವರು ಗೊಣಗಿಯಾರು. ಗೊಣಗಲಿ ಬಿಡಿ, ನೀವು ಕೇಳಿ.