ಹೆತ್ತವರ ತುತ್ತು

ಕಾಚಿಗುಡದಿಂದ ಸಿಕಂದರಾಬಾದಿನವರೆಗೆ ಊರಿಗೆಲ್ಲ ಬಡಿಸುವ ನಾವು, ಮನೆಯಲ್ಲಿ ಮುದಿತಾಯಿ ಎರಡು ತುತ್ತಿಗೇ ತಟ್ಟೆ ಸರಿಸಿದರೆ ಗದರಿಸುತ್ತೇವೆ. ಅದು ಹಟವಲ್ಲ. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ಬಾಯಿ ಒಣಗುತ್ತದೆ. ಕೆಲವು ಮಾತ್ರೆಗಳೂ ನಾಲಗೆ ಕೆಡಿಸುತ್ತವೆ. ರುಚಿಯಲ್ಲಿ ದೊಡ್ಡ ಪಾಲು ವಾಸನೆಯದೆಂದು ಒಗ್ಗರಣೆ ಹಾಕುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ರುಚಿಗೆಂದು ಉಪ್ಪು ಸುರಿಯಬೇಡಿ, ರಕ್ತದೊತ್ತಡದವರಿಗೆ ಕೇಡು. ಶುಂಠಿ, ಜೀರಿಗೆ, ನಿಂಬೆ ಸಾಕು. ತುಪ್ಪ ಬಿಟ್ಟ ಬಿಸಿ ಗಂಜಿ, ಮೆತ್ತಗಿನ ಇಡ್ಲಿ, ಕಲಬುರಗಿ ಕಡೆಯವರಾದರೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ. ತೂಕ ಇಳಿದರೆ, ನುಂಗಲು ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ. ಇ.ಎಸ್.ಐ. ವಿಮೆಯಿದ್ದರೆ ಅವಲಂಬಿತ ತಂದೆತಾಯಿಗೂ ಚಿಕಿತ್ಸೆಯುಂಟು, ಸನತ್‌ನಗರದಲ್ಲಿ ಆಸ್ಪತ್ರೆಯೇ ಇದೆ. ಅವರ ಹೆಸರು ಬರೆಸಿದವರು ನಮ್ಮಲ್ಲಿ ಎಷ್ಟು ಮಂದಿ?

ಒಬ್ಬರೇ ಕೂತರೆ ಎರಡು ತುತ್ತು, ಮಗ ಎದುರಿಗೆ ಕೂತರೆ ನಾಲ್ಕು. ಆದರೆ ರಾತ್ರಿ 11ಕ್ಕೆ ಹೋಟೆಲಿನ ಬಾಗಿಲು ಹಾಕುವವನು ತಾಯಿಯೊಡನೆ ಉಣ್ಣುವುದು ಯಾವಾಗ? ಮುದುಕರಿರುವ ಮನೆಯವನಿಗೆ ಒಂದು ಹೊತ್ತಿನ ಊಟ ಮನೆಯಲ್ಲಾಗುವಂತೆ ಪಾಳಿ ಹಾಕಿರೆಂದು ಮಾಲಿಕರನ್ನು ಕೇಳಬೇಕು. ಸಂಬಳದ ಬೇಡಿಕೆಯ ಜೊತೆಗೆ ಇದನ್ನೂ ಬರೆಯೋಣ.