ಆರ್ಯಭಟ ಮತ್ತು ಪೀಣ್ಯದ ಶೆಡ್ಡುಗಳು

ಪೀಣ್ಯವೆಂದೊಡನೆ ನಮ್ಮ ನೆನಪಿಗೆ ಬರುವುದು ಲೇತ್ ಯಂತ್ರಗಳ ಸದ್ದು, ಲಾರಿಗಳ ಸಾಲು, ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರು. ಭಾರತದ ಪ್ರಥಮ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದೂ ಇದೇ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿರುವುದು ಕಡಿಮೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ 1972ರಲ್ಲಿ ಇಲ್ಲಿ ಕಾರ್ಯ ಆರಂಭವಾಯಿತು. ತಂಡದ ಬಹುತೇಕರಿಗೆ ಉಪಗ್ರಹ ನಿರ್ಮಾಣವು ತೀರ ಹೊಸ ವಿದ್ಯೆ. ಆದರೂ 360 ಕಿಲೋಗ್ರಾಂ ತೂಕದ ಆ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ನೆಲೆಯಿಂದ ಅಂತರಿಕ್ಷವನ್ನು ಸೇರಿತು.

ಅದು ಹೊತ್ತ ಹೆಸರು ಅರ್ಥಪೂರ್ಣವಾದುದು. ಕ್ರಿ.ಶ. 499ರ ಸುಮಾರಿಗೆ, ಇಪ್ಪತ್ತಮೂರರ ಹರೆಯದ ಆರ್ಯಭಟನು, ತಿರುಗುತ್ತಿರುವುದು ನಕ್ಷತ್ರಮಂಡಲವಲ್ಲ, ಭೂಮಿಯೇ ಎಂದನು. ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳೇ ಹಿಂದಕ್ಕೆ ಸರಿದಂತೆ ತೋರುವುದಿಲ್ಲವೇ ಎಂಬುದು ಅವನು ಕೊಟ್ಟ ದೃಷ್ಟಾಂತ. ಅವನ ಲೆಕ್ಕದಂತೆ ಭೂಮಿಯ ಒಂದು ಸುತ್ತಿಗೆ ತಗಲುವ ಕಾಲ 23 ಗಂಟೆ, 56 ನಿಮಿಷ, 4 ಸೆಕೆಂಡು. ಇಂದಿನ ಮಾಪನವೂ ಬಹುಮಟ್ಟಿಗೆ ಇದೇ ಆಗಿದೆ.

ಆದರೆ ವರಾಹಮಿಹಿರನಂಥ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿ ತನ್ನ ಗೂಡಿಗೆ ಮರಳುವುದು ಹೇಗೆ ಎಂಬುದು ಅವರ ಆಕ್ಷೇಪ. ನಾವು ಇದನ್ನು ಅಜ್ಞಾನವೆಂದು ಹಗುರವಾಗಿ ಕಾಣಬಾರದು. ಅದೊಂದು ಗಟ್ಟಿಯಾದ ಪ್ರಶ್ನೆ. ಹಡಗಿನೊಳಗಿನ ವಸ್ತುಗಳೆಲ್ಲ ಹಡಗಿನ ಚಲನೆಯನ್ನೇ ಹಂಚಿಕೊಂಡಿರುತ್ತವೆ ಎಂದು 1632ರಲ್ಲಿ ಗೆಲಿಲಿಯೋ ವಿವರಿಸಿದಾಗ ಅದಕ್ಕೆ ಸಮರ್ಪಕ ಉತ್ತರ ದೊರೆಯಿತು. ಹಕ್ಕಿಯೂ, ಗಾಳಿಯೂ, ಗೂಡೂ ಭೂಮಿಯೊಡನೆಯೇ ಸಾಗುತ್ತವೆ. ಹೇಳಿದವನ ಹಿರಿಮೆಯಿಂದಲ್ಲ, ಎದ್ದ ಸಂದೇಹಕ್ಕೆ ಉತ್ತರ ಹುಡುಕುವ ಶ್ರಮದಿಂದ ವಿಜ್ಞಾನ ಬೆಳೆಯಿತು.

ಪೀಣ್ಯದ ಉಪಗ್ರಹದ ಕಥೆಯೂ ಇದನ್ನೇ ಸಾರುತ್ತದೆ. ಬಾಹ್ಯಾಕಾಶದ ಎಕ್ಸ್ ಕಿರಣಗಳು, ಸೂರ್ಯ, ಮೇಲಿನ ವಾಯುಮಂಡಲ ಇವುಗಳ ಅಧ್ಯಯನಕ್ಕೆಂದು ಅದರಲ್ಲಿ ಉಪಕರಣಗಳಿದ್ದವು. ವಿದ್ಯುತ್ ದೋಷದಿಂದ ನಾಲ್ಕು ದಿನಗಳಲ್ಲಿಯೇ ಆ ಪ್ರಯೋಗಗಳು ನಿಂತವು. ಆದರೆ ಕಟ್ಟಿದವರ ಕಲಿಕೆ ನಿಲ್ಲಲಿಲ್ಲ. 1979ರಲ್ಲಿ ‘ಭಾಸ್ಕರ’ ಮೇಲೇರಿತು. 2015ರಲ್ಲಿ ‘ಆಸ್ಟ್ರೋಸ್ಯಾಟ್’ ಎಕ್ಸ್ ಕಿರಣಗಳ ಆಕಾಶವನ್ನು ನೋಡತೊಡಗಿತು.

ಗ್ರಹಣವು ನೆರಳಿನ ಆಟವೆಂದು ಆರ್ಯಭಟನು ತಿಳಿಸಿ ಹದಿನೈದು ಶತಮಾನಗಳು ಕಳೆದಿವೆ. ಆದರೂ ಗ್ರಹಣದ ದಿನ ಮಗುವೊಂದು “ಅಪ್ಪಾಜಿ, ಹೊರಗೆ ಏಕೆ ಹೋಗಬಾರದು?” ಎಂದು ಕೇಳಿದರೆ “ಸುಮ್ಮನಿರು” ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದು, ಅದಕ್ಕೆಂದೇ ತಯಾರಾದ ಕನ್ನಡಕ ಬೇಕು. ಚಂದ್ರಗ್ರಹಣಕ್ಕೆ ಅದಾವುದೂ ಬೇಡ. ಮುಂದಿನ ಚಂದ್ರಗ್ರಹಣದ ರಾತ್ರಿ ಮಕ್ಕಳನ್ನು ಮಹಡಿಗೆ ಕರೆದೊಯ್ದು, ಚಂದ್ರನ ಮೇಲೆ ಬೀಳುವ ನೆರಳಿನ ಅಂಚು ದುಂಡಗಿರುವುದನ್ನು ತೋರಿಸೋಣ. ಅದು ಯಾರ ನೆರಳೆಂದು ಅವರೇ ಹೇಳಲಿ.