ಬಸವನಹುಳು ಒಯ್ದ ಕಾಗದ

ಮೂವತ್ತು ವರ್ಷಗಳಿಗೂ ಮೀರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದಿ ಮುಗಿಸಿದೊಡನೆ ‘ಈ ಕಥೆಯ ನೀತಿ ಏನು?’ ಎಂದು ಕೇಳುವುದು ನನ್ನ ವಾಡಿಕೆಯಾಗಿತ್ತು. ಮಕ್ಕಳೂ ಚತುರರೇ, ಕಥೆ ತಿಳಿಯದಿದ್ದರೂ ‘ಸುಳ್ಳು ಹೇಳಬಾರದು ಸಾರ್’ ಎಂಬ ಉತ್ತರವನ್ನು ಎಲ್ಲ ಕಥೆಗಳಿಗೂ ಹೊಂದಿಸಿಬಿಡುತ್ತಿದ್ದರು. ಆ ಪ್ರಶ್ನೆಯೇ ತಪ್ಪೆಂದು ನನಗೆ ಮನಗಾಣಿಸಿದವರು ಅಮೆರಿಕದ ಆರ್ನಾಲ್ಡ್ ಲೋಬೆಲ್. ಅದೂ ನಿವೃತ್ತಿಯ ಅನಂತರ, ಅಲ್ಲಿರುವ ಮಗಳ ಮನೆಯಲ್ಲಿ, ಆಗಷ್ಟೇ ಇಂಗ್ಲಿಷ್ ಓದಲು ಕಲಿಯುತ್ತಿದ್ದ ಮೊಮ್ಮಗಳ ಪಕ್ಕದಲ್ಲಿ ಕುಳಿತಾಗ.

ಲೋಬೆಲ್ (1933–1987) ಕಥೆಯನ್ನೂ ತಾವೇ ಬರೆದು ಚಿತ್ರವನ್ನೂ ತಾವೇ ಬಿಡಿಸುತ್ತಿದ್ದವರು. ಒಂದು ಕಪ್ಪೆ ಮತ್ತು ಒಂದು ನೆಲಗಪ್ಪೆಯ ಗೆಳೆತನವನ್ನು ಕುರಿತು 1970ರಿಂದ 1979ರವರೆಗೆ ಅವರು ನಾಲ್ಕು ಪುಸ್ತಕಗಳನ್ನು ರಚಿಸಿದರು. ಮೊದಲನೆಯದಕ್ಕೆ ಚಿತ್ರಗಳಿಗೆಂದು ಕೊಡುವ ಕಾಲ್ಡೆಕಾಟ್ ಗೌರವವೂ ಎರಡನೆಯದಕ್ಕೆ ಬರವಣಿಗೆಗೆಂದು ಕೊಡುವ ನ್ಯೂಬೆರಿ ಗೌರವವೂ ದೊರೆತವು. ಹಸಿರು ಮತ್ತು ಕಂದು ಬಣ್ಣಗಳ ಮೆಲುವಾದ ಚಿತ್ರಗಳು. ಕೋಟು ತೊಟ್ಟ ಎರಡು ಪ್ರಾಣಿಗಳು, ಒಂದು ಎತ್ತರ, ಇನ್ನೊಂದು ಗಿಡ್ಡ. ಅಬ್ಬರವೆಂಬುದು ಎಲ್ಲಿಯೂ ಇಲ್ಲ.

ಮೊದಲ ಪುಸ್ತಕದಲ್ಲಿ ಒಂದು ಕಥೆಯಿದೆ. ನೆಲಗಪ್ಪೆಗೆ ಎಂದೂ ಒಂದು ಕಾಗದ ಬಂದಿಲ್ಲ. ಅಂಚೆಯ ಹೊತ್ತಾದರೆ ಅದಕ್ಕೆ ದುಃಖ. ಇದನ್ನು ಕಂಡ ಕಪ್ಪೆ ಮನೆಗೆ ಓಡಿಹೋಗಿ ಗೆಳೆಯನಿಗೆ ಕಾಗದ ಬರೆದು, ತಲಪಿಸಲೆಂದು ಬಸವನಹುಳುವಿನ ಕೈಗೆ ಕೊಡುತ್ತದೆ. ಬಸವನಹುಳುವೋ, ಈಗಲೇ ಹೊರಟೆನೆನ್ನುತ್ತದೆ. ಅದು ನಿಧಾನವಾಗಿ ತೆವಳುವ ಪ್ರಾಣಿಯೆಂದು ಅಲ್ಲಿ ಲೇಖಕರು ಹೇಳುವುದಿಲ್ಲ. ನನ್ನ ಮೊಮ್ಮಗಳು ಆ ಸಾಲನ್ನು ತಡವರಿಸುತ್ತ ಓದಿ, ಕ್ಷಣಕಾಲ ಸುಮ್ಮನಿದ್ದು, ಅನಂತರ ಘೊಳ್ಳೆಂದು ನಕ್ಕಳು. ಕಾಗದ ತಲಪುವುದು ನಾಲ್ಕು ದಿನಗಳ ಮೇಲೆ. ಅಷ್ಟರಲ್ಲಿ ಕಪ್ಪೆಯೇ ಗೆಳೆಯನಿಗೆ ಗುಟ್ಟು ಬಿಟ್ಟುಕೊಟ್ಟು, ಕಾಗದದಲ್ಲಿ ಏನಿದೆಯೆಂಬುದನ್ನೂ ಹೇಳಿರುತ್ತದೆ. ಆದರೂ ಇಬ್ಬರೂ ಬಾಗಿಲಲ್ಲಿ ಕುಳಿತು ಸಂತೋಷದಿಂದ ಕಾಯುತ್ತಾರೆ.

ಆ ಕ್ಷಣಕಾಲದ ಮೌನ, ಆಮೇಲಿನ ನಗು, ಇವೆರಡರ ನಡುವೆ ನಡೆದುದೇ ಓದು ಎಂಬುದು ನನ್ನ ಅಭಿಪ್ರಾಯ. ಅರ್ಥವಾಗದ ಮಗು ಆ ಜಾಗದಲ್ಲಿ ನಗಲಾರದು. ಹಾಸ್ಯವನ್ನು ನೀತಿಯೆಂಬ ಕಹಿಮದ್ದಿಗೆ ಸವರುವ ಬೆಲ್ಲವೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಬಹಳ. (ನಾನೂ ಅವರಲ್ಲೊಬ್ಬನಾಗಿದ್ದೆ.) ಲೋಬೆಲ್ ಅವರ ಇನ್ನೊಂದು ಕಥೆಯಲ್ಲಿ ಗೆಳೆಯರಿಬ್ಬರೂ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಲಾರದೆ, ಡಬ್ಬಿಗೆ ಹಾಕಿ, ದಾರ ಕಟ್ಟಿ, ಎತ್ತರದಲ್ಲಿಟ್ಟು, ಕೊನೆಗೆ ಹಕ್ಕಿಗಳಿಗೆ ಕೊಟ್ಟುಬಿಡುತ್ತಾರೆ. ಸಂಯಮದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವುಂಟೇ? ಆದರೆ ನೆಲಗಪ್ಪೆ ಕೇಕು ಮಾಡಲೆಂದು ಮನೆಗೆ ನಡೆಯುತ್ತದೆ! ಬೇರೆ ಯಾರಾದರೂ ಆ ಕಡೆಯ ತಿರುವನ್ನು ಅಳಿಸಿಹಾಕುತ್ತಿದ್ದರು.

ಕನ್ನಡದ ಆರಂಭಿಕ ಪಾಠಗಳಿಗೆ ಒತ್ತಕ್ಷರದ ತೊಡಕಿದೆ, ಹಾಸ್ಯಕ್ಕೆ ಎಡೆಯೆಲ್ಲಿ ಎಂದು ಕೆಲವು ಮಿತ್ರರು ಕೇಳಬಹುದು. ನಿಜ, ‘ಕಪ್ಪೆ’ಗೆ ಒತ್ತು ಬೇಕು, ಅದು ಸ್ವಲ್ಪ ಕಾಯಲಿ. ಆನೆ, ಇಲಿ, ಗೂಬೆ, ಆಮೆ, ಅಷ್ಟೇಕೆ ಬಸವನಹುಳುವಿಗೂ ಒತ್ತಕ್ಷರದ ಹಂಗಿಲ್ಲವಲ್ಲ. ಡಾ. ಸ್ಯೂಸ್ ಅವರು 1957ರಲ್ಲಿ ಟೋಪಿ ಹಾಕಿದ ಬೆಕ್ಕಿನ ಕಥೆಯನ್ನು ಬರೆದದ್ದು ಕೇವಲ 236 ಪದಗಳನ್ನು ಮತ್ತೆ ಮತ್ತೆ ಬಳಸಿ. ಇಕ್ಕಟ್ಟು ಅವರನ್ನು ತಡೆಯಲಿಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಮುಂತಾದವರು ಕನ್ನಡದಲ್ಲಿಯೂ ಚಿತ್ರಪುಸ್ತಕಗಳನ್ನು ತರುತ್ತಿರುವುದು ಸಂತೋಷದ ವಿಷಯ. ಆದರೆ ಅವುಗಳ ಕೊನೆಯ ಪುಟ ಮುಗಿದೊಡನೆ ನನ್ನಂಥ ಮೇಷ್ಟ್ರೊಬ್ಬರು ನೀತಿ ಕೇಳಲು ಕಾದಿದ್ದರೆ ಏನು ಫಲ?

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದೆಂದರೆ ನೀರು ಹರಿದಂತೆ ಓದುತ್ತಿದ್ದ. ಎರಡು ವರ್ಷ ಅವನಿಗೆ ಪೂರ್ಣ ಅಂಕ ಕೊಟ್ಟೆ. ಒಂದು ದಿನ ಅವನ ಪುಸ್ತಕ ಬೇರೆ ಪುಟಕ್ಕೆ ತೆರೆದುಕೊಂಡಿತ್ತು. ಆದರೂ ಅವನು ಅಂದಿನ ಪಾಠವನ್ನೇ ತಪ್ಪಿಲ್ಲದೆ ಓದುತ್ತಿದ್ದ. ಎಲ್ಲವೂ ಬಾಯಿಪಾಠ. ಅಷ್ಟು ದಿನಗಳಲ್ಲಿ ಅವನು ಓದುತ್ತ ಒಮ್ಮೆಯೂ ನಕ್ಕಿರಲಿಲ್ಲ. ನಗುವಂಥದ್ದನ್ನು ನಾನು ಅವನ ಕೈಗೆ ಕೊಟ್ಟೂ ಇರಲಿಲ್ಲ.